ಹದಿನೆಂಟನೇ ಪೋರ್ಟ್ ಮತ್ತು ನನ್ನ ಪಾಸ್‌ವರ್ಡ್

2023ರಲ್ಲಿ ನಾನು ಅನ್ನಪೂರ್ಣೇಶ್ವರಿ ನಗರದ ಕಡೆಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನೆಟ್‌ವರ್ಕ್ ಉಸ್ತುವಾರಿಯಾಗಿದ್ದೆ. ಕಾಲೇಜಿನ ಆರು ಲ್ಯಾಬ್‌ಗಳು ಆನ್‌ಲೈನ್ ಪ್ರವೇಶ ಪರೀಕ್ಷೆಗಳ ಕೇಂದ್ರವೂ ಆಗಿದ್ದವು. ಪರೀಕ್ಷೆಯ ದಿನ ಒಂದು ಕಂಪ್ಯೂಟರೂ ಕೈಕೊಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಹನ್ನೊಂದು ವರ್ಷ ಯಾವುದೂ ಕೈಕೊಟ್ಟಿರಲಿಲ್ಲ. ಕೊನೆಗೆ ಕೈಕೊಟ್ಟಿದ್ದು ಕಂಪ್ಯೂಟರಲ್ಲ.

ಸ್ವಲ್ಪ ತಾಂತ್ರಿಕ ವಿಷಯ ಹೇಳಲೇಬೇಕು. ಲ್ಯಾಬಿನ ಕಂಪ್ಯೂಟರುಗಳೆಲ್ಲ ಸ್ವಿಚ್ ಎಂಬ ಪೆಟ್ಟಿಗೆಯ ಮೂಲಕ ಒಂದಕ್ಕೊಂದು ಸೇರುತ್ತವೆ. ಒಂದೇ ಕೇಬಲ್ಲಿನ ಎರಡು ತುದಿಯನ್ನೂ ಒಂದೇ ಪೆಟ್ಟಿಗೆಗೆ ಚುಚ್ಚಿದರೆ ಸಂದೇಶಗಳು ಗಾಣದೆತ್ತಿನ ಹಾಗೆ ಸುತ್ತುತ್ತಲೇ ಇರುತ್ತವೆ, ಸುತ್ತುತ್ತ ಹೆಚ್ಚುತ್ತವೆ, ಕೆಲವೇ ಕ್ಷಣದಲ್ಲಿ ಇಡೀ ನೆಟ್‌ವರ್ಕ್ ಉಸಿರುಕಟ್ಟುತ್ತದೆ. ಇದಕ್ಕೆ ಲೂಪ್ ಎನ್ನುತ್ತೇವೆ. ಇದನ್ನು ತಡೆಯುವ ವ್ಯವಸ್ಥೆಯೇ ಸ್ಪ್ಯಾನಿಂಗ್ ಟ್ರೀ. ಸ್ವಿಚ್ ಎರಡು ಸೆಕೆಂಡಿಗೊಮ್ಮೆ ಪ್ರತಿ ಪೋರ್ಟಿನಿಂದ, ಅಂದರೆ ಕೇಬಲ್ ಚುಚ್ಚುವ ಕಿಂಡಿಯಿಂದ, ‘ಹಲೋ’ ಎಂಬ ಪುಟ್ಟ ಸಂದೇಶ ಕಳಿಸುತ್ತದೆ. ತನ್ನ ಹಲೋ ತನಗೇ ವಾಪಸು ಬಂದರೆ ಲೂಪ್ ಇದೆ ಎಂದು ತಿಳಿದು ಆ ಪೋರ್ಟನ್ನು ಮುಚ್ಚಿಬಿಡುತ್ತದೆ. ಎಲ್ಲ ಸ್ವಿಚ್‌ಗಳಿಗೆ ಯಜಮಾನ ಯಾವುದು ಎಂಬುದನ್ನು ಪ್ರಯಾರಿಟಿ ಎಂಬ ಸಂಖ್ಯೆ ಕೊಟ್ಟು ನಾವೇ ಹೇಳಬೇಕು. ಹೇಳದಿದ್ದರೆ ಮೂಲೆಯಲ್ಲಿ ಧೂಳು ತಿನ್ನುವ ಹಳೇ ಸ್ವಿಚ್ಚೇ ಯಜಮಾನಿಕೆಗೆ ಕೂತರೂ ಕೂತೀತು. ಇದನ್ನೆಲ್ಲ ನಾನೇ ಹೊಂದಿಸಿದ್ದೆ.

ಆಗ ನನ್ನ ಪಕ್ಕದಲ್ಲಿ ಕೂತಿದ್ದವಳು ಪ್ರಭಾ, ಲ್ಯಾಬ್ ಇನ್‌ಸ್ಟ್ರಕ್ಟರ್. ಇಬ್ಬರ ಮನೆಯೂ ಲಗ್ಗೆರೆ. ದಿನಾ ನನ್ನ ಸ್ಕೂಟರಿನ ಹಿಂದೆ ಕೂತು, ಸುಮನಹಳ್ಳಿ ದಾಟುವಷ್ಟರಲ್ಲಿ ಮನೆಯ ಜಗಳವನ್ನೆಲ್ಲ ಹೇಳಿ ಮುಗಿಸುತ್ತಿದ್ದಳು. ಒಂದೊಂದು ಕಮಾಂಡನ್ನೂ ಅವಳಿಗೆ ಕಲಿಸಿದವಳು ನಾನು. ನಾನು ರಜೆ ಹಾಕಿದ ದಿನ ಕೆಲಸ ನಿಲ್ಲಬಾರದೆಂದು ನನ್ನ ಪಾಸ್‌ವರ್ಡನ್ನೂ ಕೊಟ್ಟಿದ್ದೆ. ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಡಕೂಡದು ಎಂದು ಇಡೀ ಕಾಲೇಜಿಗೆ ಸುತ್ತೋಲೆ ಕಳಿಸಿದವಳೂ ನಾನೇ! ಆದರೆ ಪ್ರಭಾ ‘ಇನ್ನೊಬ್ಬರು’ ಎಂದು ನನಗೆ ಅನಿಸಿರಲೇ ಇಲ್ಲ.

ಮೂರನೇ ಲ್ಯಾಬಿನಲ್ಲಿ ಕಿಂಡಿಗಳು ಸಾಲದೆ, ಹದಿನೆಂಟನೇ ಪೋರ್ಟಿಗೆ ಒಂದು ಅಗ್ಗದ ಪುಟ್ಟ ಸ್ವಿಚ್ ಸೇರಿಸಿ ಮೇಜಿನ ಕೆಳಗಿಟ್ಟಿದ್ದೆವು. ಅದಕ್ಕೆ ಸ್ವಂತ ಬುದ್ಧಿ ಇಲ್ಲ; ಅದರಲ್ಲಿ ಲೂಪ್ ಆದರೆ ಹಿಡಿಯಬೇಕಾದದ್ದು ದೊಡ್ಡ ಸ್ವಿಚ್ಚಿನ ಹದಿನೆಂಟನೇ ಪೋರ್ಟೇ. ಪರೀಕ್ಷೆಯ ಹಿಂದಿನ ದಿನ ನಾನು ಅತ್ತೆಯ ಕಣ್ಣಿನ ಪೊರೆ ಆಪರೇಷನ್ನಿಗೆಂದು ರಾಜಾಜಿನಗರದ ಆಸ್ಪತ್ರೆಯಲ್ಲಿದ್ದೆ. ಮೂರೂವರೆಗೆ ಪ್ರಭಾ ಫೋನ್ ಮಾಡಿ, ಆ ಪೋರ್ಟ್ ಎರಡು ಸಲ ಮುಚ್ಚಿಕೊಂಡಿದೆ ಎಂದಳು. ನನಗೆ ಅಲ್ಲಿಂದಲೇ ಗೊತ್ತಾಯಿತು. ನಮ್ಮ ಅಟೆಂಡರ್ ರಂಗಪ್ಪನಿಗೆ ವೈರು ನೇತಾಡುವುದು ಕಂಡರಾಗದು. ಪರೀಕ್ಷೆ, ಇನ್‌ಸ್ಪೆಕ್ಷನ್ ಎಂದರೆ ಸಾಕು, ಕಣ್ಣಿಗೆ ಬಿದ್ದ ತುದಿಯನ್ನೆಲ್ಲ ಹತ್ತಿರದ ಕಿಂಡಿಗೆ ಚುಚ್ಚಿ ಅಚ್ಚುಕಟ್ಟು ಮಾಡಿಬಿಡುತ್ತಿದ್ದ. ಲೂಪ್ ಆದ ಕೇಬಲ್ ಕಿತ್ತು ಲ್ಯಾಬಿನಿಂದಲೇ ಆಚೆ ಇಡು, ಸ್ಪ್ಯಾನಿಂಗ್ ಟ್ರೀ ಮಾತ್ರ ಮುಟ್ಟಬೇಡ ಎಂದೆ.

“ಮುಟ್ಟಲ್ಲ ಅಕ್ಕ. ನೀವು ಅತ್ತೆನ ನೋಡ್ಕೊಳ್ಳಿ,” ಎಂದಳು. ಸ್ವಲ್ಪ ಹೊತ್ತಿಗೆ ‘ಸರಿಹೋಯ್ತು’ ಎಂದು ಮೆಸೇಜೂ ಬಂತು.

ಮಾರನೇ ಬೆಳಿಗ್ಗೆ ಒಂಬತ್ತಕ್ಕೆ ಪರೀಕ್ಷೆ ಶುರುವಾಯಿತು. ಒಂಬತ್ತೂ ಇಪ್ಪತ್ತಕ್ಕೆ ಆರೂ ಲ್ಯಾಬಿನ ಪರದೆಗಳು ನಿಂತುಹೋದವು. ಕಲಬುರಗಿಯಿಂದ ಬಸ್ಸಿನಲ್ಲಿ ಬಂದಿದ್ದ ಹುಡುಗಿಯೊಬ್ಬಳು ಕೀಬೋರ್ಡಿನ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತಿದ್ದಳು. ಮುಖ್ಯ ಸ್ವಿಚ್ಚಿನಿಂದ ಒಂದೊಂದೇ ಲ್ಯಾಬಿನ ಕೇಬಲ್ ಕೀಳುತ್ತ ಹೋದೆ. ಮೂರನೆಯದನ್ನು ಕಿತ್ತೊಡನೆ ಮಿಕ್ಕವು ಜೀವ ಪಡೆದವು. ಮೇಜಿನ ಕೆಳಗೆ ಬಗ್ಗಿ ನೋಡಿದರೆ, ಪ್ರಭಾ ಹಿಂದಿನ ದಿನ ಕಿತ್ತು ಅಲ್ಲೇ ಬಿಟ್ಟಿದ್ದ ತುದಿಯನ್ನು ರಂಗಪ್ಪ ಆಗಷ್ಟೇ ಅದೇ ಪುಟ್ಟ ಸ್ವಿಚ್ಚಿಗೆ ಮತ್ತೆ ಚುಚ್ಚಿದ್ದ. ಮೂವತ್ತೈದು ನಿಮಿಷದಲ್ಲಿ ಪರೀಕ್ಷೆ ಮತ್ತೆ ಶುರುವಾಯಿತು, ಮಕ್ಕಳಿಗೆ ಅಷ್ಟೇ ಹೆಚ್ಚಿನ ಸಮಯವೂ ಸಿಕ್ಕಿತು.

ಆದರೆ ಪೋರ್ಟ್ ತಾನಾಗಿ ಯಾಕೆ ಮುಚ್ಚಿಕೊಳ್ಳಲಿಲ್ಲ? ಸೆಟ್ಟಿಂಗ್ಸ್ ತೆರೆದೆ. ಹದಿನೆಂಟನೇ ಪೋರ್ಟಿನ ಕೆಳಗೆ ಹೊಸದೊಂದು ಸಾಲು ಸೇರಿತ್ತು: ಇಲ್ಲಿ ಹಲೋ ಕಳಿಸಬೇಡ, ಬಂದರೂ ಕೇಳಬೇಡ. ಮತ್ತೆ ಮತ್ತೆ ಮುಚ್ಚುವ ರಗಳೆಯೇ ಬೇಡವೆಂದು ಪ್ರಭಾ ಕಾವಲನ್ನೇ ಕಿತ್ತುಹಾಕಿದ್ದಳು. ಯಾರು, ಯಾವಾಗ ಬದಲಾಯಿಸಿದರು ಎಂಬುದನ್ನು ಸ್ವಿಚ್ ಲಾಗ್ ಎಂಬ ದಿನಚರಿಯಲ್ಲಿ ಬರೆದಿಡುತ್ತದೆ. ಹಿಂದಿನ ದಿನ ಮೂರು ಐವತ್ತು. ಮುಂದೆ ನನ್ನ ಹೆಸರು. ಆ ಹೊತ್ತಿಗೆ ನಾನು ಅತ್ತೆಯ ಕಣ್ಣಿಗೆ ಡ್ರಾಪ್ಸ್ ಹಾಕುತ್ತಿದ್ದೆ.

ಮಧ್ಯಾಹ್ನ ಪ್ರಿನ್ಸಿಪಾಲರ ಕೋಣೆಗೆ ಇಬ್ಬರನ್ನೂ ಕರೆದರು. ಮೇಜಿನ ಮೇಲೆ ಆ ದಿನಚರಿಯ ಪ್ರಿಂಟ್ ಇತ್ತು. ನಾನು ಬೇಕೆಂದೇ ಬಾಯಿ ಬಿಡಲಿಲ್ಲ. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಕಾದೆ. ಅವಸರದಲ್ಲಿ ತಪ್ಪಾಯಿತು ಎಂದಿದ್ದರೆ ಅವಳ ಪರವಾಗಿ ನಾನೇ ಜಗಳವಾಡುತ್ತಿದ್ದೆ. ನಿನ್ನೆ ಲ್ಯಾಬಿನಲ್ಲಿ ಇದ್ದವರು ನೀವಲ್ಲವೇ ಎಂದು ಪ್ರಿನ್ಸಿಪಾಲರು ಅವಳನ್ನು ಕೇಳಿದರು. ಪ್ರಭಾ ತಲೆ ಎತ್ತಲಿಲ್ಲ.

“ಅದು ಅಕ್ಕನ ಲಾಗಿನ್ ಸಾರ್. ನನಗೆ ಅದೆಲ್ಲ ಬರಲ್ಲ.”

ಉಂಡ ಮನೆಗೆ ಎರಡು ಬಗೆಯುವುದು ಎಂಬ ಮಾತು ಕೇಳಿದ್ದೆ, ಅದು ಹೀಗೆ ಮೆತ್ತಗಿನ ದನಿಯಲ್ಲಿ ಬರುತ್ತದೆಂದು ಗೊತ್ತಿರಲಿಲ್ಲ. ಪಾಸ್‌ವರ್ಡ್ ಅವಳಿಗೆ ಕೊಟ್ಟಿದ್ದೆನೆಂದು ಹೇಳಿದೆ. “ಅದು ನಿಜ ಆದ್ರೆ ಅದೂ ನಿಮ್ಮ ತಪ್ಪೇ ಅಲ್ವಾ ಮೇಡಂ?” ಎಂದರು. ಆ ಹೊತ್ತಿಗೆ ನಾನು ಬೇರೆಡೆ ಇದ್ದೆನೆಂದು ತೋರಿಸಲು ತಂದಿದ್ದ ಆಸ್ಪತ್ರೆಯ ಚೀಟಿ ಬ್ಯಾಗಿನಲ್ಲೇ ಉಳಿಯಿತು.

ನನ್ನನ್ನು ಡಿಜಿಟಲ್ ಲೈಬ್ರರಿಗೆ ಹಾಕಿದರು. ಬರಲ್ಲ ಎಂದವಳಿಗೇ ನೆಟ್‌ವರ್ಕ್ ಕೊಟ್ಟರು, ಏಕೆಂದರೆ ಕಾಲೇಜಿನಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಅವಳು ಬಸ್ಸಿಗೆ ಹೋಗತೊಡಗಿದಳು. ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಲೈಬ್ರರಿಗೆ ಬಂದು ನನ್ನ ಮೇಜಿನೆದುರು ನಿಂತಳು. ಹೊಸ ಸ್ವಿಚ್ ಹಾಕಿದಾಗಿನಿಂದ ನೆಟ್‌ವರ್ಕ್ ತೆವಳುತ್ತಿತ್ತಂತೆ.

“ಅಕ್ಕ, ಪ್ರಯಾರಿಟಿ ಎಷ್ಟು ಹಾಕ್ಬೇಕು?”

4096 ಎಂಬುದು ನಾಲಿಗೆಯ ತುದಿಯಲ್ಲೇ ಇತ್ತು. “ನನಗೆ ಅದೆಲ್ಲ ಬರಲ್ಲ ಪ್ರಭಾ,” ಎಂದೆ. ಅವಳು ಹೊರಟುಹೋದಳು. ಸಮಾಧಾನವಾಯಿತೇ ಎಂದರೆ, ಇಲ್ಲ.

ಈ ವೃತ್ತಿ ನನಗೆ ಕಲಿಸಿದ್ದು ಬಹಳ ಸಣ್ಣ ಪಾಠ. ಒಬ್ಬರಿಗೆ ಒಂದು ಲಾಗಿನ್. ಜೊತೆಗೆ ಕೆಲಸ ಮಾಡುವವರಿಗೆ ಬೇರೆ ಲಾಗಿನ್ ಮಾಡಿಕೊಡಲು ಎರಡು ನಿಮಿಷ ಸಾಕು. ಹನ್ನೊಂದು ವರ್ಷದಲ್ಲಿ ಆ ಎರಡು ನಿಮಿಷ ನನಗೆ ಸಿಗಲಿಲ್ಲವೆಂದಲ್ಲ. ಹಾಗೆ ಮಾಡಿದರೆ ಪ್ರಭಾಳನ್ನು ಇನ್ನೊಬ್ಬರೆಂದು ಕಂಡಂತಾಗುತ್ತದಲ್ಲ ಎಂದು ಬಿಟ್ಟಿದ್ದೆ.