ಕಾಕಾ ಕಂಡ ತಿಮಿಂಗಿಲ

ನಿನ್ನೆ ಉಣಕಲ್ ಹತ್ತಿರ ಸಿಗ್ನಲ್ಲಿಗೆ ನಿಂತಿದ್ದಾಗ ಪಕ್ಕದ ಟ್ರ್ಯಾಕ್ಟರ್ ಡೀಸೆಲ್ ಹೊಗೆ ಉಗುಳಿತು. ಎಲ್ಲರೂ ಮೂಗು ಮುಚ್ಚಿಕೊಂಡರು, ನಾನೊಬ್ಬ ನಗುತ್ತಿದ್ದೆ. ನಿಮಗೆ ಹೇಳದೆ ಇನ್ಯಾರಿಗೆ ಹೇಳಲಿ? ಆ ವಾಸನೆಗೆ ನನಗೆ ಕಾರವಾರದ ದೋಣಿ ನೆನಪಾಗುತ್ತದೆ, ದೋಣಿಯೊಳಗೆ ನಮ್ಮ ಕಾಕಾ.

ಕಾಕಾ ಹುಬ್ಬಳ್ಳಿಯಲ್ಲಿ ಜೀವಮಾನವಿಡೀ ಹತ್ತಿ ವ್ಯಾಪಾರ ಮಾಡಿದವರು. ಎಪ್ಪತ್ತು ದಾಟಿದ ಮೇಲೆ, ಮೊಮ್ಮಗಳ ಪಾಠದ ಪುಸ್ತಕ ತಿರುವುತ್ತ ಕೂತವರಿಗೆ ತಿಮಿಂಗಿಲದ ಹುಚ್ಚು ಹಿಡಿಯಿತು. ಮನೆಗೆ ಯಾರೇ ಬರಲಿ, ಚಹಾಕ್ಕಿಂತ ಮೊದಲು ತಿಮಿಂಗಿಲ ಬರುತ್ತಿತ್ತು.

"ನೀಲಿ ತಿಮಿಂಗಿಲದ ನಾಲಿಗಿನ ಒಂದು ಆನಿ ತೂಕ ಇರ್ತೈತ್ರಿ!"

ಮೀನಿನ ವಾಸನೆ ಬಂದರೆ ದಾರಿ ಬದಲಿಸುವ ಅವರ ಹೆಂಡತಿ, ನಮ್ಮ ಕಾಕು, ಒಳಗಿನಿಂದಲೇ ಗದರುತ್ತಿದ್ದರು: "ಊಟದ ಹೊತ್ತಿನ್ಯಾಗ ಮೀನಿನ ಸುದ್ದಿ ಬ್ಯಾಡ್ರಿ."

"ಮೀನಲ್ಲ ಅದು! ನಮ್ಹಂಗ ಗಾಳಿ ಉಸಿರಾಡ್ತೈತಿ, ಹಡೀತೈತಿ, ಕೂಸಿಗೆ ಹಾಲು ಕುಡಸ್ತೈತಿ."

"ಹಾಲು?" ಕಾಕು ಸೌಟು ಹಿಡಿದೇ ಹೊರಗೆ ಬಂದರು. ಅಂದಿನಿಂದ ಗದರಿಕೆ ಸ್ವಲ್ಪ ಮೆತ್ತಗಾಯಿತು.

ಹೋದ ಚಳಿಗಾಲದಲ್ಲಿ ಕಾರವಾರದ ಮೀನುಗಾರರಿಗೆ ತಿಮಿಂಗಿಲ ಕಂಡ ಸುದ್ದಿ ಬಂತು. ಮರುದಿನವೇ ಕಾಕಾ, ಕಾಕು, ನಾನು ಮೂವರೂ ಹೊರಟೆವು. ಮುದುಕರನ್ನು ಹಿಡಿದುಕೊಳ್ಳಲು ನಾನು ಹೋಗುತ್ತಿದ್ದೇನೆಂದು ಊರಿಗೆಲ್ಲ ಹೇಳಿದ್ದೆ. ದೋಣಿ ದಡ ಬಿಟ್ಟ ಹತ್ತೇ ನಿಮಿಷಕ್ಕೆ ನಾನು ಕಾಕುವಿನ ಸೆರಗು ಹಿಡಿದಿದ್ದೆ. ಕಾಕಾನ ಗತಿ ಇನ್ನೂ ಕೆಟ್ಟಿತ್ತು. ಡೀಸೆಲ್ ವಾಸನೆಗೆ ವಾಂತಿ ಮಾಡಿಕೊಂಡು, ಕಣ್ಣು ಮುಚ್ಚಿ ದೋಣಿಯ ತಳದಲ್ಲಿ ಮಲಗಿಬಿಟ್ಟರು.

ಆಗಲೇ ದೂರದಲ್ಲಿ ಕಾರಂಜಿಯಂತೆ ಹನಿ ಚಿಮ್ಮಿತು!

"ಏಳ್ರಿ! ಬಂತು, ಏಳ್ರಿ!" ಕಾಕು ಕೂಗಿದರು. ಕಾಕಾ ತಡವರಿಸುತ್ತ ಏಳುವಷ್ಟರಲ್ಲಿ ಅಲ್ಲಿ ಬರೀ ನೊರೆ.

"ಹೋಯ್ತು ಅಜ್ಜಾ," ಎಂದ ದೋಣಿಯವನು. "ತಿರುಗೋಣ, ಗಾಳಿ ಏಳ್ತದೆ."

ಕಾಕಾನ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವರು ಸಣ್ಣ ದನಿಯಲ್ಲಿ, "ಹದಿನೈದು ನಿಮಿಷ ನಿಲ್ಸಪಾ. ಉಸಿರಿಗೆ ಅದು ಮ್ಯಾಲ ಬರಲೇಬೇಕು," ಎಂದರು.

ದೋಣಿಯವನು ಅನುಮಾನಿಸಿದ. "ಅವ್ರು ಓದ್ಯಾರ, ನಿಲ್ಸು," ಎಂದರು ಕಾಕು, ಗಟ್ಟಿಯಾಗಿ.

ಎಂಜಿನ್ ಬಂದ್ ಆಯಿತು. ಕಾಕು ಗಂಡನನ್ನು ಹೆಗಲಿಗೆ ಆನಿಸಿಕೊಂಡು ಕೂತರು. ಐದು ನಿಮಿಷ. ಹತ್ತು. ನಾನೂ ನನಗರಿವಿಲ್ಲದೆ ಉಸಿರು ಹಿಡಿದಿದ್ದೆ.

ಬುಸ್ಸ್! ದೋಣಿಯ ಮಗ್ಗುಲಲ್ಲೇ! ಮಳೆಗೆ ತೊಯ್ದ ಎರೆಹೊಲದಂಥ ಕಪ್ಪು ಬೆನ್ನು ಎದ್ದಿತು, ಎದ್ದು ಸರಿಯತೊಡಗಿತು, ಸರಿಯುತ್ತಲೇ ಇತ್ತು, ಮುಗಿಯಲೊಲ್ಲದು. ಎಷ್ಟೋ ಹೊತ್ತಿನ ಮೇಲೆ, ಬೆನ್ನಿನ ಹಿಂಭಾಗದಲ್ಲಿ ಕುಡುಗೋಲಿನಂಥ ಒಂದು ರೆಕ್ಕೆ. ಅದರ ಉಸಿರಿನ ಹನಿ ನಮ್ಮ ಮುಖಕ್ಕೆಲ್ಲ ಸಿಡಿಯಿತು. ಕೊಳೆತ ಮೀನಿನ ವಾಸನೆ. ಕಾಕು ಒರೆಸಿಕೊಳ್ಳಲೂ ಇಲ್ಲ.

"ಅಲ್ಲಿ ನೋಡ್ರಿ, ಬಾಜೂಕ ಕೂಸು! ಕೂಸು ಐತ್ರಿ!"

ಹೌದು, ತಾಯಿಯ ಪಕ್ಕಕ್ಕೆ ಅಂಟಿಕೊಂಡು ಸಣ್ಣದೊಂದು ಬೆನ್ನು, ಸಣ್ಣದೊಂದು ಬುಸ್. ವರ್ಷಗಟ್ಟಲೆ ಊರಿಗೆಲ್ಲ ತಿಮಿಂಗಿಲದ ಪಾಠ ಹೇಳಿದ ಕಾಕಾ ಕಾಕುವಿನ ಕೈ ಹಿಡಿದು ಅಳುತ್ತ ನಗುತ್ತಿದ್ದರು.

ಈಗ ಮತ್ತೆ ಚಳಿಗಾಲ. ಇವತ್ತು ಬೆಳಿಗ್ಗೆ, ಯಾರೂ ಕೇಳದೆ, ನಾನೇ ಫೋನ್ ಹಚ್ಚಿದೆ. "ಕಾಕಾ, ಈ ಸಲಾನೂ ಹೋಗೂಣೇನ್ರಿ?"

ಫೋನ್ ಕಸಿದುಕೊಂಡವರು ಕಾಕು: "ಕೇಳೂದೇನೈತೋ? ಆ ಕೂಸು ಎಷ್ಟು ಬೆಳದೈತಿ ನೋಡಬ್ಯಾಡೇನು?"