ಅಕ್ಕ ಸವೆಸಿದ ಪಿಕ್

ಪಿಕ್ ಕೊಳ್ಳಲು ಬರುವವರಲ್ಲಿ ನೂರಕ್ಕೆ ತೊಂಬತ್ತು ಮಂದಿ ಬಣ್ಣ ನೋಡಿ ಕೊಳ್ಳುತ್ತಾರೆ. ಉಳಿದ ಹತ್ತು ಮಂದಿ ಎರಡು ಬೆರಳಲ್ಲಿ ಹಿಡಿದು ಬಗ್ಗಿಸಿ ನೋಡಿ, ಎಲ್ಲ ತಿಳಿದವರ ಹಾಗೆ ತಲೆ ಆಡಿಸಿ, ಆಮೇಲೆ ಬಣ್ಣ ನೋಡಿ ಕೊಳ್ಳುತ್ತಾರೆ. ಗಿಟಾರಾಗಲಿ ಮ್ಯಾಂಡೊಲಿನ್ನಾಗಲಿ, ಅರ್ಧ ನಾದ ಇರುವುದು ತಂತಿ ಮೀಟುವ ಆ ಪುಟ್ಟ ತುಣುಕಿನಲ್ಲೇ ಎಂದು ಇಪ್ಪತ್ತೆರಡು ವರ್ಷದಿಂದ ಈ ವಾದ್ಯದಂಗಡಿಯಲ್ಲಿ ಕೂತು ಹೇಳುತ್ತಿದ್ದೇನೆ. ಮನಸ್ಸಿಟ್ಟು ಕೇಳಿಸಿಕೊಂಡವರು ಇಬ್ಬರೇ, ಒಬ್ಬ ಅಕ್ಕ ಮತ್ತು ಅವರ ತಮ್ಮ. ಅಕ್ಕ ಈಗ ಇಲ್ಲ.

ತಮ್ಮನಿಗೆ ಅರವತ್ತರ ಹತ್ತಿರ ವಯಸ್ಸು. ಕನ್ನಡಕದ ಫ್ರೇಮು ತಯಾರಿಸುವ ಕಾರ್ಖಾನೆಯಲ್ಲಿ ಪಾಲಿಶ್ ಕೆಲಸ. ಹದಿನೇಳನೆಯ ವಯಸ್ಸಿನಿಂದ ಅದೊಂದೇ ಕೆಲಸ ಮಾಡಿದ್ದರಿಂದ ಅದು ಕೈಗೆ ಅಂಟಿಕೊಂಡುಬಿಟ್ಟಿದೆ. ಎದುರಿಗೆ ಮಾಸಿದ್ದು, ಗೀಚಿದ್ದು, ಸೊಟ್ಟಗಿದ್ದದ್ದು ಏನೇ ಇರಲಿ, ಅವರು ಉಜ್ಜದೆ ಬಿಡುವ ಪೈಕಿ ಅಲ್ಲ. ಒಮ್ಮೆ ನನ್ನ ಅಂಗಡಿಯ ಬಾಗಿಲ ಹಿಡಿಯನ್ನು ನನ್ನನ್ನು ಕೇಳದೆಯೇ ತಿಕ್ಕಿ ಫಳಫಳ ಮಾಡಿದ್ದರು. ಬೀದಿಯವರೆಲ್ಲ ಅವರನ್ನು ಕರೆಯುವುದು ಪಾಲಿಶ್ ಮಾಮ ಎಂದೇ.

ಅಕ್ಕ, ತಮ್ಮ ಇಬ್ಬರೂ ಮದುವೆಯಾಗಲಿಲ್ಲ. ಮೂರನೆಯ ಮಹಡಿಯ ಎರಡು ಕೋಣೆಯ ಮನೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿ ನಿವೃತ್ತರಾಗಿದ್ದ ಅಕ್ಕ ದಿನಾ ಸಂಜೆ ಕಿಟಕಿ ಪಕ್ಕ ಕೂತು ಮ್ಯಾಂಡೊಲಿನ್ ನುಡಿಸುತ್ತಿದ್ದರು. ಕೆಲಸ ಮುಗಿಸಿ ಬರುವ ಮಾಮನಿಗೆ ಕೆಳಗಿನ ಮೆಟ್ಟಿಲಲ್ಲೇ ಅದು ಕೇಳಿಸುತ್ತಿತ್ತಂತೆ. ಅವರ ಪಾಲಿಗೆ ಮನೆ ಎಂದರೆ ಅದೇ.

ಅಕ್ಕ ತೀರಿಕೊಂಡ ನಾಲ್ಕು ತಿಂಗಳಿಗೆ ಮಾಮ ಆ ಮ್ಯಾಂಡೊಲಿನ್ ಎತ್ತಿಕೊಂಡು ನನ್ನ ಅಂಗಡಿಗೆ ಬಂದರು.

"ಅಂಗಡಿಯಮ್ಮ, ಇದಕ್ಕೊಂದು ಒಳ್ಳೆ ಪಿಕ್ ಬೇಕು. ಅಕ್ಕ ನನಗೆ ಒಂದೇ ಒಂದು ಹಾಡು ಹೇಳಿಕೊಟ್ಟಿದ್ದಳು. ಅದನ್ನು ನುಡಿಸಿದ್ರೆ ತಗಡು ಬಡಿದ ಹಾಗೆ ಕೇಳುತ್ತೆ. ವಾದ್ಯ ಅದೇ, ತಂತಿ ಅದೇ. ಅವಳ ನಾದ ಮಾತ್ರ ಬರಲ್ಲ."

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ಅವರ ಮುಖ ನೋಡಿ ನುಂಗಿಕೊಂಡೆ. ಮನೆಯಲ್ಲಿ ರೇಡಿಯೊ ಹಾಕಿ ನೋಡಿದರಂತೆ, ಬಾಗಿಲು ತೆರೆದಿಟ್ಟು ಪಕ್ಕದ ಮನೆಯವರ ಜಗಳ ಕೇಳಿಸಿಕೊಂಡರಂತೆ. ಏನು ಮಾಡಿದರೂ ಮನೆ ಬಿಕೋ ಎನ್ನುವುದು ನಿಲ್ಲಲಿಲ್ಲವಂತೆ. ಆ ನಾದ ಒಂದು ಸಲ ಕೇಳಿದರೆ ಸಾಕು ಎಂದರು.

ಅಂದಿನಿಂದ ಪ್ರತಿ ಮಂಗಳವಾರ ಬರತೊಡಗಿದರು. ನಾನು ಪಿಕ್ಕುಗಳ ಪೆಟ್ಟಿಗೆ ಅವರ ಮುಂದಿಡುತ್ತಿದ್ದೆ. ತೆಳುವಾದವು ತಂತಿಗೆ ತಾಗುವ ಮೊದಲೇ ಟಿಕ್ ಎನ್ನುತ್ತಿದ್ದವು. ನೈಲಾನಿನವು ಬಾಯಲ್ಲಿ ಬಟ್ಟೆ ತುರುಕಿಕೊಂಡು ಮಾತಾಡಿದ ಹಾಗೆ. ಕೊಂಬಿನದು ಹತ್ತಿರ ಬಂತು, ಆದರೆ ಗೊಗ್ಗರು. ಬಗ್ಗದಷ್ಟು ದಪ್ಪ, ಉರುಟು ಅಂಚು, ಬೆರಳಿನಿಂದ ಜಾರದ ಮೈ ಇದ್ದರೆ ಮ್ಯಾಂಡೊಲಿನ್ನಿನ ಜೋಡಿ ತಂತಿಗಳು ದುಂಡಗೆ ನುಡಿಯುತ್ತವೆ ಎಂದು ವಿವರಿಸಿದೆ. ಮುಂದಿನ ಮಂಗಳವಾರ ತಾವೇ ಫ್ರೇಮು ಮಾಡುವ ಪ್ಲಾಸ್ಟಿಕ್ ಹಾಳೆಯಿಂದ ಕತ್ತರಿಸಿ ಮಾಡಿದ ಹದಿನೈದು ಪಿಕ್ ತಂದರು. ಎಲ್ಲವೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು, ಒಂದರಲ್ಲೂ ಅಕ್ಕ ಇರಲಿಲ್ಲ.

"ಅಕ್ಕನ ಪಿಕ್ ಎಲ್ಲಿ ಮಾಮ?" ಎಂದು ಕೇಳಬೇಕಿತ್ತು. ನಾನು ಕೇಳಲಿಲ್ಲ. ಉತ್ತರ ನನಗೆ ಗೊತ್ತಿತ್ತು.

ಒಂಬತ್ತನೆಯ ಮಂಗಳವಾರ ಅವರೇ ಜೇಬಿನಿಂದ ಒಂದು ಡಬ್ಬಿ ತೆಗೆದರು. ಒಳಗೆ ಕಂದು ಬಣ್ಣದ ಪಿಕ್, ಮಿರಮಿರ ಮಿಂಚುತ್ತಿತ್ತು.

"ಇದೇ ಅವಳದು. ನಾನು ಕೆಲಸಕ್ಕೆ ಸೇರಿದ ವಾರ ಫ್ರೇಮಿನ ಚೂರಿನಲ್ಲಿ ಮಾಡಿಕೊಟ್ಟಿದ್ದೆ. ನಲವತ್ತು ವರ್ಷ ಇದರಲ್ಲೇ ನುಡಿಸಿದ್ದಳು. ಒಂದು ಕಡೆ ಸವೆದು ಸೊಟ್ಟಗಾಗಿ ನೋಡೋಕೆ ಅಸಹ್ಯವಾಗಿತ್ತು. ಹೋದ ವರ್ಷ ಅವಳಿಗೆ ಹೇಳದೆ ಕಾರ್ಖಾನೆಗೆ ತಗೊಂಡು ಹೋಗಿ ಎರಡೂ ಕಡೆ ಸಮ ಮಾಡಿ, ಚೂಪು ತುದಿ ಬಿಡಿಸಿ, ಪಾಲಿಶ್ ಹಾಕಿ ತಂದುಕೊಟ್ಟೆ. ಎಷ್ಟು ಚೆನ್ನಾಗಿದೆ ಕಣೋ ಅಂದಳು." ಅಷ್ಟು ಹೇಳುವಾಗ ಅವರ ಮುಖ ಅರಳಿತ್ತು. ಆಮೇಲೆ ಬಾಡಿತು. "ಪಾಪ, ಅದರ ಹಿಂದೆಯೇ ಅವಳಿಗೆ ಬೆರಳು ನೋವು ಶುರುವಾಯ್ತು. ಆಮೇಲೆ ನುಡಿಸಲೇ ಇಲ್ಲ. ಅದಕ್ಕೇ ಇದರಲ್ಲಿ ಹೇಗೆ ನುಡಿಯುತ್ತಿತ್ತು ಅಂತ ನನಗೆ ಗೊತ್ತಿಲ್ಲ. ನಾನು ನುಡಿಸಿದ್ರೆ ಇದೂ ತಗಡೇ."

ಅಕ್ಕನ ಬೆರಳಿಗೆ ಯಾವ ನೋವೂ ಇರಲಿಲ್ಲ.

ಪಿಕ್ ಪಾಲಿಶ್ ಆದ ಮರುವಾರವೇ ಅಕ್ಕ ನನ್ನಲ್ಲಿಗೆ ಬಂದಿದ್ದರು. ಆ ಡಬ್ಬಿ ತೆರೆದು ತೋರಿಸಿ ನಕ್ಕರು, ಕಣ್ಣಲ್ಲಿ ಮಾತ್ರ ನೀರು. "ನಲವತ್ತು ವರ್ಷದ ನನ್ನ ಕೈಯನ್ನು ಹತ್ತೇ ನಿಮಿಷದಲ್ಲಿ ತಿಕ್ಕಿ ಹಾಕಿದ್ದಾನೆ ನೋಡಮ್ಮ. ಅಷ್ಟು ಪ್ರೀತಿಯಿಂದ ತಂದುಕೊಟ್ಟ. ಏನಂತ ಹೇಳಲಿ?" ಎಂದರು. ಮೂರು ವಾರ ಕೂತು, ಕಣ್ಣು ಮುಚ್ಚಿ ಒಂದೊಂದೇ ಪಿಕ್ ಮೀಟಿ, ಕೊನೆಗೆ ಒಂದನ್ನು ಆರಿಸಿದರು. ದಪ್ಪ ಅಷ್ಟೇ, ಬಣ್ಣವೂ ಅದೇ ಕಂದು. ತಮ್ಮನಿಗೆ ವ್ಯತ್ಯಾಸ ತಿಳಿಯಬಾರದಲ್ಲ. ಮನೆಯಲ್ಲಿ ನುಡಿಸಿದರೆ ಪಕ್ಕದವರು ತಮ್ಮನ ಕಿವಿಗೆ ಹಾಕುತ್ತಾರೆಂದು, ಮಾಮ ಕಾರ್ಖಾನೆಯಲ್ಲಿರುವಾಗ ನನ್ನ ಅಂಗಡಿಯ ಹಿಂದಿನ ಕೋಣೆಗೆ ಬಂದು, ನನ್ನದೇ ಒಂದು ಮ್ಯಾಂಡೊಲಿನ್ ಹಿಡಿದು ಗಂಟೆಗಟ್ಟಲೆ ಅದನ್ನು ಸವೆಸುತ್ತಿದ್ದರು. ಹೀಗೆ ಒಂಬತ್ತು ತಿಂಗಳು. "ಹದಕ್ಕೆ ಬಂದ ದಿನ ಮನೆಗೆ ತಗೊಂಡು ಹೋಗ್ತೀನಿ. ನೀನು ಪಾಲಿಶ್ ಮಾಡಿದ್ದೇ ಕಣೋ, ಬೆರಳು ನೋವೂ ಹೋಯ್ತು ಅಂತೀನಿ," ಎನ್ನುತ್ತಿದ್ದರು. ಕೊನೆಯ ಸಲ ಬಂದಾಗ, ಇನ್ನೆರಡು ವಾರ ಸಾಕು ಎಂದಿದ್ದರು. ಆ ವಾರವೇ ಒಂದು ಬೆಳಿಗ್ಗೆ ಹಾಸಿಗೆಯಿಂದ ಏಳಲಿಲ್ಲ. ಪಿಕ್ ನನ್ನ ಮೇಜಿನ ಖಾನೆಯಲ್ಲೇ ಉಳಿಯಿತು.

ತಮ್ಮನಿಗೆ ಹೇಳಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು. ಹೇಳಿದರೆ ಈ ಮನುಷ್ಯನ ಎದೆ ಒಡೆಯುತ್ತದೆ. ಹೇಳದಿದ್ದರೆ ಸಾಯುವ ತನಕ ಮಂಗಳವಾರ ಬಂದು ತಗಡು ಬಡಿಯುತ್ತಾರೆ. ಸಿಟ್ಟು ಬಂತು, ಉಜ್ಜಿದವರ ಮೇಲೆ ಅಲ್ಲ, ಬಾಯಿ ಬಿಡದೆ ಹೋದವರ ಮೇಲೆ. ನಾನೂ ಒಂಬತ್ತು ವಾರ ಬಾಯಿಗೆ ಬೀಗ ಹಾಕಿಕೊಂಡು ಕೂತವಳೇ ಎಂದು ನೆನಪಾಗಿ ನಾಚಿಕೆಯಾಯಿತು. ಖಾನೆ ಎಳೆದು ಪಿಕ್ ಅವರ ಅಂಗೈ ಮೇಲಿಟ್ಟೆ, ಎಲ್ಲವನ್ನೂ ಹೇಳಿದೆ.

ಮಾಮ ಜೇಬಿನಿಂದ ಭೂತಗನ್ನಡಿ ತೆಗೆದು ಪಿಕ್ಕಿನ ಅಂಚು ನೋಡಿದರು. ಒಂದೇ ಕಡೆ, ಓರೆಯಾಗಿ, ನುಣ್ಣಗೆ ಸವೆದಿತ್ತು. ಅಕ್ಕ ಮಣಿಕಟ್ಟು ಸ್ವಲ್ಪ ಒಳಕ್ಕೆ ಬಾಗಿಸಿ ನುಡಿಸುತ್ತಿದ್ದರಲ್ಲ, ಅದೇ ಓರೆ. ಆಮೇಲೆ ಮ್ಯಾಂಡೊಲಿನ್ ಎತ್ತಿಕೊಂಡು ಆ ಒಂದು ಹಾಡಿನ ಮೊದಲ ಸಾಲು ಮೀಟಿದರು.

ಅಕ್ಕನೇ. ತಪ್ಪುಗಳು ಮಾಮನವು, ನಾದ ಅಕ್ಕನದು. ನನಗೆ ಹಿಂದಿನ ಕೋಣೆಯ ಕಡೆ ತಿರುಗಿ ನೋಡುವಂತಾಯಿತು.

ಮಾಮ ಅರ್ಧಕ್ಕೇ ನಿಲ್ಲಿಸಿದರು. "ಇಷ್ಟು ಸವೆಯೋಕೆ ಎಷ್ಟು ಗಂಟೆ ಬೇಕು ಅಂತ ನನಗೆ ಗೊತ್ತು ಅಂಗಡಿಯಮ್ಮ. ಅದೇ ನನ್ನ ಕೆಲಸ ತಾನೆ." ಪಿಕ್ಕನ್ನು ಬೆರಳಲ್ಲಿ ತಿರುಗಿಸಿ ನೋಡುತ್ತ, "ಹಾಳು ಮಾಡಿದೆಯಲ್ಲೋ ಅಂತ ನನಗೆ ಎರಡು ಬಯ್ಯಬಾರದಿತ್ತಾ ಅವಳು? ಒಂಬತ್ತು ತಿಂಗಳು ಮೆಟ್ಟಿಲು ಹತ್ತುವಾಗ ಏನೂ ಕೇಳಿಸ್ತಿರಲಿಲ್ಲ. ವಯಸ್ಸಾಯ್ತು, ಬೆರಳು ನೋವು ಪಾಪ ಅಂದ್ಕೊಂಡು ಸುಮ್ಮನೆ ಊಟಕ್ಕೆ ಕೂರ್ತಿದ್ದೆ," ಎಂದರು. ಅತ್ತುಬಿಟ್ಟರು. ನಾನು ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿದೆ.

ಹೊರಡುವಾಗ ಪಿಕ್ಕನ್ನು ತಿರುಗಿ ನನ್ನ ಖಾನೆಯಲ್ಲೇ ಇಟ್ಟರು.

"ಮನೆಗೆ ತಗೊಂಡು ಹೋಗಿ ಮಾಮ. ಅದು ನಿಮಗೋಸ್ಕರ ಮಾಡಿದ್ದು," ಎಂದೆ.

"ಬೇಡಮ್ಮ, ಇಲ್ಲೇ ಇರಲಿ. ಮಂಗಳವಾರ ಬಂದು ಒಂದು ಸಲ ನುಡಿಸಿ ಹೋಗ್ತೀನಿ." ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು. "ಮನೆಯಲ್ಲಿ ಒಬ್ಬನೇ ಕೂತಾಗ ನನ್ನ ಕೈ ಸುಮ್ಮನಿರಲ್ಲ. ಉಜ್ಜಿಬಿಡ್ತೀನಿ."