ಮುಳುಗುವ ಸೂರ್ಯ, ಎದ್ದುಹೋದ ಬೀಗರು

ಎಪ್ಪತ್ತರ ದಶಕದ ಕೊನೆಯಲ್ಲಿ ಖಾನಾಪುರದ ಗಂಡಿನವರು ನನ್ನನ್ನು ನೋಡಲು ಬೆಳಗಾವಿಯ ನಮ್ಮ ಮನೆಗೆ ಬಂದರು. ನನಗೆ ಹಾಡು ಬರದು ಎಂಬುದನ್ನು ಮುಚ್ಚಿಡಲು ಅವ್ವ, ನಾನು ಕ್ಯಾಲೆಂಡರ್ ನೋಡಿ ಬರೆದ ಸಮುದ್ರದ ಚಿತ್ರಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದಳು. ಒಂದೊಂದರಲ್ಲೂ ಕೆಂಪು ಸೂರ್ಯ. ನಾನೋ ಸಮುದ್ರ ಕಂಡವಳೇ ಅಲ್ಲ.

ಹುಡುಗನ ತಾಯಿ ಹುಬ್ಬು ಗಂಟಿಕ್ಕಿದರು. “ಸೂರ್ಯ ಮುಳುಗಾಕತ್ತಾನೇನ್ರಿ? ಶುಭಕಾರ್ಯದಾಗ ಅಪಶಕುನ.”

“ಇಲ್ರಿ, ಏಳಾಕತ್ತಾನ,” ಎಂದಳು ಅವ್ವ ತಟ್ಟನೆ.

ನನಗೆ ಸುಮ್ಮನಿರಲಾಗಲಿಲ್ಲ. “ಅದು ಗೋವಾದ ಸಮುದ್ರ ಐತ್ರಿ. ಅಲ್ಲಿ ಸೂರ್ಯ ಮುಳುಗೂದಷ್ಟ, ಏಳೂದಿಲ್ಲ.”

ಹುಡುಗ ಗೊಳ್ಳೆಂದು ನಕ್ಕ. ಬಾಯಲ್ಲಿದ್ದ ಉಪ್ಪಿಟ್ಟು ತಾಯಿಯ ಸೀರೆಯ ಮೇಲೆ ಬಿತ್ತು. ಚಹಾ ಬರುವ ಮೊದಲೇ ಅವರೆಲ್ಲ ಎದ್ದುಹೋದರು.

ಅವ್ವ ಎರಡು ದಿನ ನನ್ನೊಂದಿಗೆ ಮಾತುಬಿಟ್ಟಳು. ಸಂಬಂಧ ತಪ್ಪಿದ್ದಕ್ಕೆ ನನಗೇನೂ ಬೇಸರವಾಗಲಿಲ್ಲ. ಹಾಗೆ ನಗುವ ಹುಡುಗ ತಪ್ಪಿದ್ದಕ್ಕೆ ಮಾತ್ರ ಸ್ವಲ್ಪ ಆಯಿತು.